ಸತ್ತವಳು ಯಾರು, ಕಂಡವರು ಯಾವಾಗ? ಓದುಗರ ಪ್ರಶ್ನೆಗಳಿಗೆ ಉತ್ತರ

ಕೋಟೆ, ಅರಮನೆ, ಹಳೇ ಊರುಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಅಲ್ಲಿ ರಾತ್ರಿ ಹೊತ್ತು ಓಡಾಡುವ ಹೆಂಗಸರ ಮೇಲಿವೆ! ಇರಲಿ, ಅದೂ ಇತಿಹಾಸದ ಬಾಗಿಲೇ. ಎಲ್ಲ ಉತ್ತರಕ್ಕೂ ಒಂದೇ ಪಟ್ಟು ಹಿಡಿದಿದ್ದೇವೆ. ಆಕೆ ಸತ್ತ ಇಸವಿ, ಆಕೆ ಕಾಣಿಸುತ್ತಾಳೆ ಎನ್ನುವ ಕಟ್ಟಡ ಎದ್ದ ಇಸವಿ, ಕಥೆ ಬರಹಕ್ಕಿಳಿದ ಇಸವಿ: ಈ ಮೂರನ್ನೂ ಒಂದು ಹಾಳೆಯಲ್ಲಿ ಪಕ್ಕಪಕ್ಕ ಬರೆದುಕೊಳ್ಳಿ. ದೆವ್ವ ಇದೆಯೋ ಇಲ್ಲವೋ ಎಂಬ ಜಗಳಕ್ಕೆ ಹೋಗದೆಯೇ ಬಹಳಷ್ಟು ಗಂಟು ಬಿಚ್ಚಿಕೊಳ್ಳುತ್ತದೆ.

ಪ್ರ: ತಲಕಾಡಿನ ಮರಳು ಅಲಮೇಲಮ್ಮನ ಶಾಪದಿಂದ ಬಂದದ್ದೋ, ಮೊದಲೇ ಇತ್ತೋ? ಮೈಸೂರು ಅರಸರಿಗೆ ಮಕ್ಕಳೇ ಆಗಲಿಲ್ಲ ಅನ್ನುವುದು ನಿಜವೇ? (ಕೊಳ್ಳೇಗಾಲದಿಂದ)

ಉ: ಶಾಪ ಎಲ್ಲರಿಗೂ ಬಾಯಿಪಾಠ. ‘ತಲಕಾಡು ಮರಳಾಗಿ, ಮಾಲಂಗಿ ಮಡುವಾಗಿ, ಮೈಸೂರು ದೊರೆಗಳಿಗೆ ಮಕ್ಕಳಾಗದೆ ಹೋಗಲಿ.’ ಇದರಲ್ಲಿ ಮೂರು ಮಾತಿವೆ. ಒಟ್ಟಿಗೆ ತೂಗಿದರೆ ಲೆಕ್ಕ ತಪ್ಪುತ್ತದೆ, ಒಂದೊಂದಾಗಿ ತೂಗಬೇಕು.

ಮೊದಲು ಗಟ್ಟಿ ನೆಲ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ತಮ್ಮದಾಗಿಸಿಕೊಂಡರು. ಅಲ್ಲಿಯವರೆಗೆ ಅಲ್ಲಿದ್ದವನು ವಿಜಯನಗರದ ಪ್ರತಿನಿಧಿ ತಿರುಮಲರಾಜ, ವೆಂಕಟಪತಿರಾಯನ ಅಣ್ಣನ ಮಗ. ಕೆಲವು ಪಾಠಗಳಲ್ಲಿ ಅವನನ್ನು ಶ್ರೀರಂಗರಾಯ ಎಂದೇ ಕರೆಯುತ್ತಾರೆ. ಬೆನ್ನಿನ ಮೇಲೆ ಎದ್ದ ಹುಣ್ಣಿಗೆ ಪರಿಹಾರ ಬೇಡಿ ಅವನು ತಲಕಾಡಿನ ವೈದ್ಯೇಶ್ವರನ ಸನ್ನಿಧಿಗೆ ಹೋದ, ಹೆಂಡತಿ ಅಲಮೇಲಮ್ಮ ಹಿಂದೆಯೇ ಹೋದಳು, ರಂಗನಾಯಕಿ ಅಮ್ಮನವರಿಗೆ ತೊಡಿಸುತ್ತಿದ್ದ ಆಕೆಯ ಒಡವೆಗಳಿಗಾಗಿ ಒಡೆಯರ ಕಡೆಯವರು ಬೆನ್ನು ಹತ್ತಿದರು, ಆಕೆ ಮಾಲಂಗಿಯ ಮಡುವಿಗೆ ಹಾರಿದಳು ಎಂಬುದು ಕಥೆ. ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರಿನಲ್ಲಿ 19ನೇ ಶತಮಾನದ ಕೊನೆಯ ಹೊತ್ತಿಗೆ ಇದು ಅಚ್ಚಾಗಿದೆ. ಘಟನೆಗೂ ಆ ಅಚ್ಚಿಗೂ ನಡುವೆ ಇನ್ನೂರೈವತ್ತು ವರ್ಷಕ್ಕೂ ಮೀರಿದ ಅಂತರವಿದೆ ಎನ್ನುವುದನ್ನು ನಿಮ್ಮ ಹಾಳೆಯಲ್ಲಿ ಗುರುತು ಹಾಕಿಕೊಳ್ಳಿ.

ಇನ್ನು ಮರಳು. ತಲಕಾಡು ಕಾವೇರಿ ತಿರುಗುವ ಜಾಗದಲ್ಲಿದೆ. ಬೇಸಿಗೆಯಲ್ಲಿ ನೀರು ಇಳಿದರೆ ನದಿಯ ಮರಳು ಬಯಲಾಗುತ್ತದೆ, ನೈಋತ್ಯದ ಗಾಳಿ ಬಂದಾಗ ಅದು ಊರಿನ ಮೇಲೆ ಬೀಳುತ್ತದೆ. ಮೇಲ್ಭಾಗದಲ್ಲಿ ಮಾಧವಮಂತ್ರಿ ಕಟ್ಟೆ ಇದೆಯಲ್ಲ, ಅದು 14ನೇ ಶತಮಾನದ್ದು. ಕಟ್ಟೆ ಬಂದ ಮೇಲೆ ಕೆಳಗಿನ ಪಾತ್ರದಲ್ಲಿ ನೀರು ಕಡಿಮೆಯಾಗಿ ಮರಳು ಹೆಚ್ಚು ಹೊತ್ತು ಒಣಗಿ ಬಿದ್ದಿರತೊಡಗಿತು, ಹಾರಾಟ ಅಲ್ಲಿಂದ ಜೋರಾಯಿತು ಎಂಬುದು ಸಂಶೋಧಕರು ಮುಂದಿಟ್ಟ ಒಂದು ವಿವರಣೆ. ನಮಗೂ ಅದೇ ಸರಿ ಕಾಣುತ್ತದೆ. ಕಟ್ಟೆ ಶಾಪಕ್ಕಿಂತ ಎರಡು ಶತಮಾನಕ್ಕೂ ಹೆಚ್ಚು ಹಳೆಯದು. ಹಾಗಿದ್ದರೆ ಮರಳು ಮೊದಲು ಬಂದು, ಅದಕ್ಕೊಂದು ಕಾರಣ ಹೇಳುವ ಹೆಂಗಸಿನ ಕಥೆ ಆಮೇಲೆ ಬಂದಂತಾಯಿತು.

ಮೂರನೆಯದು ಮಕ್ಕಳ ಮಾತು. ವಂಶಾವಳಿ ಹಿಡಿದು ಕೂತರೆ ‘ಮಕ್ಕಳೇ ಇಲ್ಲ’ ಎಂಬುದು ನಿಲ್ಲುವುದಿಲ್ಲ. ಚಿಕ್ಕದೇವರಾಜ ಒಡೆಯರ (1673–1704) ನಂತರ ಪಟ್ಟಕ್ಕೆ ಬಂದವರು ಅವರ ಮಗ ಇಮ್ಮಡಿ ಕಂಠೀರವ ನರಸರಾಜರು (1704–1714). ಆಮೇಲೆ ಬಂದದ್ದು ಆ ಮಗನ ಮಗ ದೊಡ್ಡ ಕೃಷ್ಣರಾಜರು (1714–1732). ಮೂರು ತಲೆಮಾರು ಸಲೀಸಾಗಿ ಸಾಗಿದೆ, ಅದೂ ಶಾಪವಾಗಿ ಸುಮಾರು ನೂರು ವರ್ಷದ ಹೊತ್ತಿಗೆ. ಖಾಸಾ ಚಾಮರಾಜರ ಮಗ ಮುಮ್ಮಡಿ ಕೃಷ್ಣರಾಜರು. ಹತ್ತನೇ ಚಾಮರಾಜರು ದತ್ತು ಹೋದವರಾದರೂ ಅವರ ಸ್ವಂತ ಮಗನೇ ನಾಲ್ವಡಿ. ಶಾಪಕ್ಕೆ ಬಲ ಬಂದದ್ದು ಇತ್ತೀಚಿನ ಸಾಲಿನಿಂದ: ನಾಲ್ವಡಿಯವರಿಗೆ ಮಕ್ಕಳಿರಲಿಲ್ಲ, ಪಟ್ಟ ತಮ್ಮನ ಮಗ ಜಯಚಾಮರಾಜರಿಗೆ ಹೋಯಿತು. ಅವರ ಮಗ ಶ್ರೀಕಂಠದತ್ತರಿಗೂ ಮಕ್ಕಳಾಗದೆ 2015ರಲ್ಲಿ ಯದುವೀರರನ್ನು ದತ್ತು ತೆಗೆದುಕೊಂಡರು. ಯದುವೀರರಿಗೆ 2017ರ ಡಿಸೆಂಬರಿನಲ್ಲಿ ಗಂಡುಮಗು ಹುಟ್ಟಿದಾಗ ‘ಶಾಪ ವಿಮೋಚನೆ’ ಎಂದು ಪತ್ರಿಕೆಗಳು ಬರೆದವು. ಬಿಟ್ಟುಹೋಗುವ ಕಡೆ ಲೆಕ್ಕ ಬಿಟ್ಟು, ಸಿಗುವ ಕಡೆ ಮಾತ್ರ ಎಣಿಸಿದರೆ ಯಾವ ಶಾಪವಾದರೂ ಫಲಿಸುತ್ತದೆ. ಹಾಗೆಂದು ಅರಮನೆಯವರು ಇದನ್ನು ತಳ್ಳಿಹಾಕಿದವರಲ್ಲ. ಅಲಮೇಲಮ್ಮನ ವಿಗ್ರಹಕ್ಕೆ ಅಲ್ಲಿ ಪೂಜೆ ಸಲ್ಲುತ್ತದೆ. ಸೋತವನ ಹೆಂಡತಿಗೆ ಗೆದ್ದವರ ಮನೆಯಲ್ಲಿ ಪೂಜೆ ಸಲ್ಲುವುದು ಸಣ್ಣ ಮಾತಲ್ಲ.

ನೋಡಲು ಹೋಗುವವರಿಗೆ ಎರಡು ಮಾತು. ಮೈಸೂರಿನಿಂದ ತಿ. ನರಸೀಪುರದ ಮೇಲೆ ಸುಮಾರು 50 ಕಿ.ಮೀ. ಬೆಳಿಗ್ಗೆ ಎಂಟರೊಳಗೆ ಮರಳಿಗಿಳಿಯಿರಿ, ಹನ್ನೊಂದರ ಮೇಲೆ ಬರಿಗಾಲಿಡಲು ಆಗುವುದಿಲ್ಲ. ವೈದ್ಯೇಶ್ವರ, ಕೀರ್ತಿನಾರಾಯಣ, ಪಾತಾಳೇಶ್ವರ, ಮರುಳೇಶ್ವರ ಇವೆಲ್ಲ ನಡೆದು ನೋಡುವಷ್ಟು ಹತ್ತಿರ. ಮುಡುಕುತೊರೆಯ ಮಲ್ಲಿಕಾರ್ಜುನನಿಗೆ ಮಾತ್ರ ಗಾಡಿ ಬೇಕು. ಮಾಲಂಗಿ ಎದುರು ದಡ. ದಂತಕಥೆಯ ‘ಮಡು’ ಎಷ್ಟು ಆಳ ಎಂದು ಪರೀಕ್ಷಿಸಲು ನೀರಿಗಿಳಿಯಬೇಡಿ. ಮೊಣಕಾಲುದ್ದ ನೀರಿನಲ್ಲಿ ನಡೆಯುತ್ತಿದ್ದಂತೆಯೇ ಮರಳದಿಬ್ಬ ಕಡಿದು ಆಳ ಸಿಗುತ್ತದೆ. ಕಪಿಲೆ ಸೇರುವುದು ಮೇಲ್ಗಡೆ ನರಸೀಪುರದಲ್ಲಿ, ಹಾಗಾಗಿ ಕೆ.ಆರ್.ಎಸ್. ಗೇಟು ಮುಚ್ಚಿದ್ದರೂ ಕಬಿನಿಯಿಂದ ನೀರು ಬಿಟ್ಟರೆ ಇಲ್ಲಿ ಮಟ್ಟ ಏರುತ್ತದೆ.

ಪ್ರ: ಮಗಳು ಲಂಡನ್ನಿನಲ್ಲಿದ್ದಾಳೆ, ಬೇಸಿಗೆಗೆ ಹೋಗುತ್ತಿದ್ದೇವೆ. ತಲೆ ಕಡಿಸಿಕೊಂಡ ರಾಣಿ ಆನ್ ಬೊಲಿನ್ ಟವರ್‌ನಲ್ಲೂ, ಹಳ್ಳಿಯ ಬಂಗಲೆಯೊಂದರಲ್ಲೂ ಕಾಣಿಸುತ್ತಾಳಂತೆ. ಒಬ್ಬಳಿಗೆ ಅಷ್ಟು ಜಾಗ ಹೇಗೆ? ಎಲ್ಲಿ, ಯಾವ ದಿನ ನೋಡಬೇಕು? (ಶಿವಮೊಗ್ಗದಿಂದ)

ಉ: ಆನ್ ಬೊಲಿನ್ ಎಂಟನೇ ಹೆನ್ರಿಯ ಎರಡನೇ ರಾಣಿ, ಮೊದಲನೇ ಎಲಿಜಬೆತ್‌ಳ ತಾಯಿ. 1536ರ ಮೇ 19ರಂದು ಲಂಡನ್ ಟವರ್ ಒಳಗೆ, ಫ್ರಾನ್ಸಿನ ಕಡೆಯಿಂದ ಕರೆಸಿದ ಕತ್ತಿಗಾರನ ಒಂದೇ ಏಟಿಗೆ ಸತ್ತಳು. ಶವಪೆಟ್ಟಿಗೆ ತರಿಸಿರಲಿಲ್ಲವಾದ್ದರಿಂದ ಬಾಣಗಳನ್ನು ತುಂಬಿಡುವ ಪೆಟ್ಟಿಗೆಯೊಂದರಲ್ಲಿ ಹಾಕಿ ಅಲ್ಲಿನ ಸೇಂಟ್ ಪೀಟರ್ ಆಡ್ ವಿಂಕ್ಯುಲಾ ಚಾಪೆಲ್‌ನಲ್ಲಿ ಹೂತರು. 1876ರಲ್ಲಿ ಚಾಪೆಲ್ ನೆಲ ರಿಪೇರಿ ಮಾಡಿಸುವಾಗ ಮೂಳೆಗಳು ಸಿಕ್ಕು ಮತ್ತೆ ಹೂಳಿದರು. ಇಷ್ಟು ದಾಖಲೆ.

ಈಗ ಜಾಗಗಳನ್ನು ಒಂದೊಂದಾಗಿ ಹಿಡಿಯೋಣ. ಟವರ್‌ನ ಹುಲ್ಲುಹಾಸಿನಲ್ಲಿ ಗಾಜಿನ ದಿಂಬಿಟ್ಟ ಸ್ಮಾರಕವಿದೆ, 2006ರದ್ದು. ಎಲ್ಲರೂ ಅಲ್ಲೇ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಆದರೆ ವಧಾವೇದಿಕೆ ಇದ್ದದ್ದು ವೈಟ್ ಟವರ್‌ನ ಉತ್ತರಕ್ಕೆ, ಈಗ ಒಡವೆ ಇಟ್ಟಿರುವ ವಾಟರ್ಲೂ ಬ್ಲಾಕ್ ಎದುರಿನ ಅಂಗಳದಲ್ಲಿ ಎಂಬುದು ಇತಿಹಾಸಕಾರರ ಲೆಕ್ಕ. ಸ್ಮಾರಕದ ಹತ್ತಿರ ದೆವ್ವ ಕಂಡಿತು ಎಂದರೆ ದೆವ್ವವೂ ಪ್ರವಾಸಿ ನಕ್ಷೆ ನೋಡಿಕೊಂಡು ಬಂದಿದೆ ಎಂದರ್ಥ!

ಹುಲ್ಲುಹಾಸಿನ ಮೂಲೆಯಲ್ಲಿ ಮರದ ಚೌಕಟ್ಟಿನ ಬಿಳಿ ಗೋಡೆಯ ಮನೆಯಿದೆ. ಸಿಂಹಾಸನದಲ್ಲಿ ರಾಜನಿದ್ದರೆ ಕಿಂಗ್ಸ್ ಹೌಸ್, ರಾಣಿಯಿದ್ದರೆ ಕ್ವೀನ್ಸ್ ಹೌಸ್ ಎಂದು ಹೆಸರು ಬದಲಾಗುತ್ತದೆ. ಆನ್ ಕೊನೆಯ ರಾತ್ರಿ ಕಳೆದದ್ದು ಇಲ್ಲಿ, 1864ರಲ್ಲಿ ಪಹರೆಯ ಸಿಪಾಯಿ ಬಿಳಿ ಆಕೃತಿಗೆ ಬಂದೂಕಿನ ಚೂರಿ ಚುಚ್ಚಿ ಎಚ್ಚರ ತಪ್ಪಿದ್ದೂ ಇಲ್ಲೇ ಎನ್ನುತ್ತಾರೆ. ಕರ್ತವ್ಯದಲ್ಲಿ ನಿದ್ದೆ ಮಾಡಿದ ಆರೋಪದ ಮೇಲೆ ಅವನ ವಿಚಾರಣೆ ನಡೆದು, ಬೇರೆಯವರೂ ಕಂಡೆವೆಂದು ಸಾಕ್ಷಿ ಹೇಳಿದ್ದರಿಂದ ಬಿಡುಗಡೆಯಾಯಿತಂತೆ. ಇಲ್ಲಿ ನಮ್ಮ ಹಾಳೆ ಕೆಲಸಕ್ಕೆ ಬರುತ್ತದೆ. ಆನ್ ಸತ್ತದ್ದು 1536, ಈ ಮನೆ ಕಟ್ಟಿದ್ದು 1540ರ ಸುಮಾರಿಗೆ. ಆಕೆ ಬದುಕಿದ್ದಾಗ ಈ ಮನೆಯೇ ಇರಲಿಲ್ಲ. ಆಕೆಯನ್ನು ಇಟ್ಟಿದ್ದ ರಾಜವಸತಿ ವೈಟ್ ಟವರ್‌ನ ದಕ್ಷಿಣಕ್ಕಿತ್ತು. ಆ ಕಟ್ಟಡಗಳು ಉಳಿದಿಲ್ಲ.

ಹಳ್ಳಿಯ ಬಂಗಲೆ ಎಂದರೆ ನಾರ್ಫೋಕಿನ ಬ್ಲಿಕ್ಲಿಂಗ್ ಹಾಲ್ ಇರಬೇಕು. ಪ್ರತಿ ಮೇ 19ರ ರಾತ್ರಿ ತಲೆಯಿಲ್ಲದ ಸಾರೋಟಿನವನು ಓಡಿಸುವ ಗಾಡಿಯಲ್ಲಿ, ತಲೆಯನ್ನು ಮಡಿಲಲ್ಲಿಟ್ಟುಕೊಂಡು ಆನ್ ಬರುತ್ತಾಳೆ ಎಂಬ ಕಥೆ ಅಲ್ಲಿನದು. ಆಕೆ ಹುಟ್ಟಿದ್ದು ಅಲ್ಲೇ ಇರಬಹುದು. ಆದರೆ ಆಕೆಯ ಅಪ್ಪನ ಮನೆ ಹೋಗಿ, ಅದೇ ಜಾಗದಲ್ಲಿ ಈಗಿನ ಕೆಂಪು ಇಟ್ಟಿಗೆಯ ಭವನ ಎದ್ದದ್ದು 17ನೇ ಶತಮಾನದಲ್ಲಿ, ಹೆನ್ರಿ ಹೋಬರ್ಟ್ ಎಂಬಾತ ಆಸ್ತಿ ಕೊಂಡ ಮೇಲೆ. ಬಾಲ್ಯ ಕಳೆದ ಕೆಂಟ್ ಸೀಮೆಯ ಹೀವರ್ ಕೋಟೆಯಲ್ಲೂ ಕ್ರಿಸ್‌ಮಸ್ ಹಿಂದಿನ ರಾತ್ರಿ ಸೇತುವೆ ದಾಟುತ್ತಾಳಂತೆ. ಹುಟ್ಟಿದ ಮನೆ, ಬೆಳೆದ ಮನೆ, ಸತ್ತ ಜಾಗ ಮೂರಕ್ಕೂ ಒಂದೊಂದು ರಾತ್ರಿ ಹಂಚಿಕೆಯಾಗಿದೆ. ಹೆಸರುವಾಸಿಯಾದವರ ಕಥೆ ಹೀಗೆಯೇ ಹಬ್ಬುವುದು. ಹೆಸರಿಲ್ಲದ ಬಿಳಿ ಸೀರೆಯವಳಿಗೆ ಒಂದೇ ಹುಣಸೇಮರ ಗತಿ.

ದಿನದ ವಿಷಯ ಕೇಳಿದ್ದೀರಿ. 1536ರಲ್ಲಿ ಇಂಗ್ಲೆಂಡ್ ಹಳೆಯ ಜೂಲಿಯನ್ ಪಂಚಾಂಗದಲ್ಲಿತ್ತು. 1752ರ ಸೆಪ್ಟೆಂಬರಿನಲ್ಲಿ 2ನೇ ತಾರೀಖಿನ ಮರುದಿನವನ್ನು 14 ಎಂದು ಮಾಡಿ ಈಗಿನ ಗ್ರೆಗೋರಿಯನ್ನಿಗೆ ಬಂದರು. 16ನೇ ಶತಮಾನದ ತಾರೀಖಿಗೆ 10 ದಿನ ಕೂಡಿಸಬೇಕು. ಆ ಲೆಕ್ಕಕ್ಕೆ ಆನ್ ಸತ್ತ ದಿನ ಈಗಿನ ಮೇ 29. ಅಲ್ಲೇ ತಲೆ ಕಡಿಸಿಕೊಂಡ ಹೆನ್ರಿಯ ಐದನೇ ರಾಣಿ ಕ್ಯಾಥರೀನ್ ಹೊವಾರ್ಡ್‌ಳ ಫೆಬ್ರುವರಿ 13 ಎಂದರೆ 23. ಅಲ್ಲೇ ಸತ್ತ, ಒಂಬತ್ತು ದಿನದ ರಾಣಿ ಜೇನ್ ಗ್ರೇಯ ಫೆಬ್ರುವರಿ 12 ಎಂದರೆ 22. ಇನ್ನೊಂದು ತೊಡಕೂ ಇದೆ. ಆಗ ಅಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಹಾಗಾಗಿ ಕ್ಯಾಥರೀನ್ ಸತ್ತ 1542ರ ಫೆಬ್ರುವರಿಯನ್ನು ಹಳೆ ಕಾಗದದಲ್ಲಿ 1541 ಎಂದು ಬರೆದಿರುತ್ತಾರೆ. ಪುಸ್ತಕದಿಂದ ಪುಸ್ತಕಕ್ಕೆ ಇಸವಿ ಬೇರೆ ಕಂಡರೆ ಮುದ್ರಣದೋಷ ಎಂದುಕೊಳ್ಳಬೇಡಿ. ಪಂಚಾಂಗ ಬದಲಾದರೂ ಸಾರೋಟು ಮಾತ್ರ ಮೇ 19ಕ್ಕೇ ಬರುತ್ತದೆ. ಕಥೆ ಕಟ್ಟಿದ್ದು ಹೊಸ ಕ್ಯಾಲೆಂಡರಿನವರು ಎಂಬ ಗುಮಾನಿಗೆ ಅಷ್ಟು ಸಾಕು.

ಹೋಗುವುದು ಹೇಗೆಂದರೆ, ಸರ್ಕಲ್ ಅಥವಾ ಡಿಸ್ಟ್ರಿಕ್ಟ್ ಲೈನಿನಲ್ಲಿ ಟವರ್ ಹಿಲ್ ನಿಲ್ದಾಣಕ್ಕೆ ಇಳಿಯಿರಿ. ಟವರ್ ಕಾವಲಿನ ಯೋಮನ್ ವಾರ್ಡರ್‌ಗಳ ಜೊತೆಗಿನ ಸುತ್ತು ಟಿಕೆಟ್ಟಿನಲ್ಲೇ ಸೇರಿದೆ, ಬಿಡಬೇಡಿ. ರಾತ್ರಿ ಟವರ್ ಒಳಗೆ ಕಾಲಿಡಬೇಕೆಂದರೆ ಬೀಗ ಹಾಕುವ ‘ಸೆರೆಮನಿ ಆಫ್ ದಿ ಕೀಸ್’ ಒಂದೇ ಸುಲಭದ ದಾರಿ. ಹತ್ತು ಗಂಟೆಗೆ ಸ್ವಲ್ಪ ಮುಂಚೆ ನಡೆಯುತ್ತದೆ. ಸೀಟು ಬೇಗ ತುಂಬುವುದರಿಂದ ಪ್ರಯಾಣದ ದಿನ ಗೊತ್ತಾದ ಕೂಡಲೇ ಮಗಳಿಂದ ಬುಕ್ ಮಾಡಿಸಿ, ಅಲ್ಲಿಗೆ ಹೋದ ಮೇಲೆ ನೋಡೋಣ ಎಂದರೆ ಸಿಗುವುದಿಲ್ಲ.

ಪ್ರ: ಅದೇ ಟವರ್‌ನಲ್ಲಿ ಕೊಡಲಿಯವನಿಂದ ತಪ್ಪಿಸಿಕೊಂಡು ಸುತ್ತ ಓಡಿದ ಮುದುಕಿಯ ದೆವ್ವ ಇದೆಯಂತೆ, ಯಾರವಳು? (ಉಡುಪಿಯಿಂದ)

ಉ: ಮಾರ್ಗರೆಟ್ ಪೋಲ್, ಸಾಲ್ಸ್‌ಬರಿಯ ಕೌಂಟೆಸ್. 1541ರ ಮೇ 27ರಂದು, 67ರ ವಯಸ್ಸಿನಲ್ಲಿ ಕೊಂದರು. ಕೆಲಸ ಬಾರದ ಹುಡುಗನೊಬ್ಬ ತಲೆ, ಹೆಗಲನ್ನೆಲ್ಲ ಕೊಚ್ಚಿದ ಎಂದು ಆ ಕಾಲದ ರಾಯಭಾರಿಯೇ ಬರೆದಿದ್ದಾನೆ. ಓಟದ ಕಥೆ ನೂರು ವರ್ಷ ಆದಮೇಲಿನದು. ನಡೆದದ್ದೇ ಸಾಕಷ್ಟು ಭೀಕರವಾಗಿತ್ತು, ಓಟ ಸೇರಿಸುವ ಅಗತ್ಯವಿರಲಿಲ್ಲ.

ಪ್ರ: ಹ್ಯಾಂಪ್ಟನ್ ಕೋರ್ಟ್ ಅರಮನೆಯ ಒಂದು ಓಣಿಯಲ್ಲಿ ಇದ್ದಕ್ಕಿದ್ದಂತೆ ಮೈ ಜುಮ್ಮೆನ್ನುತ್ತದೆ, ಚಳಿಯಾಗುತ್ತದೆ ಎನ್ನುತ್ತಾರೆ. ಇದನ್ನು ಯಾರಾದರೂ ಅಳೆದು ನೋಡಿದ್ದಾರೆಯೇ? ನಮ್ಮೂರಿನ ಹಳೇ ವಾಡೆಯಲ್ಲೂ ಹಾಗೇ ಆಗುತ್ತದೆ, ನಾವು ಅಳೆಯಬಹುದೇ? (ಬೆಳಗಾವಿಯಿಂದ)

ಉ: ಅಳೆದಿದ್ದಾರೆ. ಆ ಓಣಿಯ ಹೆಸರೇ ಹಾಂಟೆಡ್ ಗ್ಯಾಲರಿ. 1541ರ ನವೆಂಬರಿನಲ್ಲಿ ಕ್ಯಾಥರೀನ್ ಹೊವಾರ್ಡ್‌ಳ ಹಳೇ ಸಂಬಂಧಗಳ ವಿಷಯ ಹೆನ್ರಿಯ ಕಿವಿಗೆ ಬಿದ್ದಾಗ, ಚಾಪೆಲ್‌ನಲ್ಲಿ ಪ್ರಾರ್ಥನೆಗೆ ಕೂತಿದ್ದ ಅವನ ಕಾಲಿಗೆ ಬೀಳಲು ಆಕೆ ಪಹರೆ ತಪ್ಪಿಸಿ ಕಿರುಚುತ್ತ ಓಡಿದಳು, ಕಾವಲಿನವರು ಎಳೆದುಕೊಂಡು ಹೋದರು ಎಂಬುದು ಕಥೆ. ಆಕೆಯನ್ನು ಕೋಣೆಯಲ್ಲಿ ಕೂಡಿಹಾಕಿದ್ದು, ಆಮೇಲೆ ಹಳೇ ಮಠವಾದ ಸಯನ್‌ಗೆ ಕಳಿಸಿದ್ದು, 1542ರ ಫೆಬ್ರುವರಿಯಲ್ಲಿ ತಲೆ ತೆಗೆಸಿದ್ದು ದಾಖಲೆಯಲ್ಲಿದೆ. ಓಟ ಮಾತ್ರ ಸಮಕಾಲೀನ ಬರಹದಲ್ಲಿ ಸಿಗುವುದಿಲ್ಲ. ವಿಕ್ಟೋರಿಯಾ ರಾಣಿ 1838ರಲ್ಲಿ ಅರಮನೆಯನ್ನು ಜನರಿಗೆ ತೆರೆದ ಮೇಲೆ ಈ ಕಿರುಚಾಟಕ್ಕೆ ಕೇಳುಗರು ಹೆಚ್ಚಿದರು.

ಮನಶ್ಶಾಸ್ತ್ರಜ್ಞ ರಿಚರ್ಡ್ ವೈಸ್‌ಮನ್ ಮತ್ತು ಸಂಗಡಿಗರು ಇಲ್ಲಿಯೂ, ಎಡಿನ್‌ಬರ್ಗಿನ ಸೌತ್ ಬ್ರಿಡ್ಜ್ ನೆಲಮಾಳಿಗೆಗಳಲ್ಲಿಯೂ ನೂರಾರು ಜನರನ್ನು ನಡೆಸಿ, ಎಲ್ಲಿ ಏನನಿಸಿತು ಎಂದು ಗುರುತು ಹಾಕಿಸಿದರು. 2003ರಲ್ಲಿ ಪ್ರಕಟವಾದ ಫಲಿತಾಂಶ ಎರಡೂ ಪಕ್ಷದವರಿಗೆ ಇರುಸುಮುರುಸು ತರುವಂಥದ್ದು. ದೆವ್ವಕ್ಕೆ ಹೆಸರಾದ ಜಾಗದಲ್ಲೇ ಜನರಿಗೆ ಹೆಚ್ಚು ವಿಚಿತ್ರ ಅನುಭವವಾಗಿತ್ತು, ಕಥೆ ಮೊದಲೇ ಗೊತ್ತಿದ್ದುದಕ್ಕೂ ಅದಕ್ಕೂ ಸಂಬಂಧ ಕಾಣಲಿಲ್ಲ. ಹಾಗಂತ ಅದು ದೆವ್ವದ ಕಡೆಗೂ ಬೊಟ್ಟು ಮಾಡಲಿಲ್ಲ: ಆ ಜಾಗಗಳ ಬೆಳಕು, ಕೋಣೆಯ ಅಳತೆ, ಕಾಂತಕ್ಷೇತ್ರದ ಏರಿಳಿತಗಳ ಜೊತೆ ಅನುಭವ ತಾಳೆಯಾಗುತ್ತಿತ್ತು.

ಶಬ್ದದ ಕಥೆ ಇನ್ನೂ ಸ್ವಾರಸ್ಯ. ಕಾವೆಂಟ್ರಿಯ ವಿಕ್ ಟ್ಯಾಂಡಿ ಎಂಬ ಎಂಜಿನಿಯರ್ 1998ರಲ್ಲಿ ಬರೆದದ್ದು: ಪ್ರಯೋಗಾಲಯದಲ್ಲಿ ಒಬ್ಬರೇ ಕೂತಾಗ ಕಣ್ಣಂಚಿನಲ್ಲಿ ಬೂದು ಆಕೃತಿ ಕಾಣುತ್ತಿತ್ತು. ಕತ್ತಿವರಸೆಯ ಅಲಗೊಂದನ್ನು ವೈಸಿಗೆ ಸಿಕ್ಕಿಸಿದಾಗ ಅದು ತಾನಾಗಿ ನಡುಗತೊಡಗಿತು. ಹುಡುಕಿದರೆ ಹೊಸದಾಗಿ ಹಾಕಿದ ಗಾಳಿ ಹೊರಹಾಕುವ ಫ್ಯಾನು ಸುಮಾರು 19 ಹರ್ಟ್ಸ್‌ನ, ಕಿವಿಗೆ ಕೇಳದ ಅಲೆ ಎಬ್ಬಿಸುತ್ತಿತ್ತು. ಫ್ಯಾನಿನ ಜೋಡಣೆ ಬದಲಿಸಿದ ಮೇಲೆ ಆಕೃತಿ ಮಾಯ. ಎಲ್ಲ ದೆವ್ವಕ್ಕೂ ಇದೇ ಉತ್ತರ ಎಂದು ಹಿಡಿದುಕೊಂಡವರೂ ಇದ್ದಾರೆ. ನಾವು ಅಷ್ಟು ದೂರ ಹೋಗುವುದಿಲ್ಲ. ಆನೆಕಾಲಿನ ದಪ್ಪದ ಗೋಡೆಯ ವಾಡೆಯಲ್ಲಿ ಚಳಿಗೆ ಮೊದಲ ಕಾರಣ ಗಾಳಿಯೇ.

ನಿಮ್ಮ ವಾಡೆಯಲ್ಲಿ ಮಾಡಬೇಕಾದ ಕೆಲಸ ಇದು. ಒಂದು ಊದುಬತ್ತಿ ಹಚ್ಚಿ, ಚಳಿ ಎನಿಸುವ ಜಾಗದಲ್ಲಿ ನೆಲದಿಂದ ಒಂದಡಿ, ಮೂರಡಿ, ಆರಡಿ ಎತ್ತರಗಳಲ್ಲಿ ಎರಡೆರಡು ನಿಮಿಷ ಹಿಡಿಯಿರಿ, ಹೊಗೆ ಯಾವ ಕಡೆ ಬಾಗುತ್ತದೆ ಬರೆದುಕೊಳ್ಳಿ. ಹುಲ್ಲು, ಹತ್ತಿ, ಹಳೇ ಜಂತೆಯ ಹತ್ತಿರ ಬೆಂಕಿ ಬೇಡ. ಅಲ್ಲಿ ತೆಳು ಟಿಶ್ಯೂ ಪಟ್ಟಿಯೊಂದನ್ನು ದಾರಕ್ಕೆ ಕಟ್ಟಿ ತೂಗುಬಿಟ್ಟರೆ ಸಾಕು. ಮುಚ್ಚಿದ ಬಾಗಿಲ ಸಂದು, ಬೆಳಕಿಂಡಿ, ಹಗೇವಿನ ಬಾಯಿಯಿಂದ ಗಾಳಿ ಬರುತ್ತಿರುತ್ತದೆ. ಉಷ್ಣತೆ ಅಳೆಯಲು ಜನ ತರುವ ಬಂದೂಕಿನಾಕಾರದ ಇನ್ಫ್ರಾರೆಡ್ ಥರ್ಮಾಮೀಟರ್ ಇಲ್ಲಿ ಮೋಸ ಮಾಡುತ್ತದೆ. ಅದು ಗಾಳಿಯನ್ನಲ್ಲ, ಎದುರಿನ ಗೋಡೆಯ ಮೇಲ್ಮೈಯನ್ನು ಅಳೆಯುತ್ತದೆ. 12:1 ಎಂದು ಬರೆದಿದ್ದರೆ ಹನ್ನೆರಡು ಅಡಿ ದೂರದಿಂದ ಒಂದಡಿ ಅಗಲದ ವೃತ್ತದ ಸರಾಸರಿ ಕೊಡುತ್ತದೆ. ಕಿಟಕಿಯ ತಣ್ಣನೆ ಸರಳು ಆ ವೃತ್ತಕ್ಕೆ ಸಿಕ್ಕಿತೋ, ‘ನಾಲ್ಕು ಡಿಗ್ರಿ ಇಳಿಯಿತು!’ ಎಂದು ಕೂಗುವವರೇ ಎಲ್ಲ. ಸಾದಾ ಕೋಣೆಯ ಥರ್ಮಾಮೀಟರ್ ಎರಡನ್ನು ತಂದು, ಮೊದಲು ಪಕ್ಕಪಕ್ಕ ಅರ್ಧ ಗಂಟೆ ಇಟ್ಟು ಒಂದೇ ಅಂಕಿ ತೋರಿಸುತ್ತವೆಯೇ ನೋಡಿ, ಆಮೇಲೆ ಒಂದನ್ನು ಆ ಜಾಗದಲ್ಲಿ, ಇನ್ನೊಂದನ್ನು ಪಕ್ಕದ ಕೋಣೆಯಲ್ಲಿಡಿ. ಮೊಬೈಲಿನ ‘ದೆವ್ವ ಪತ್ತೆ’ ಆ್ಯಪ್‌ಗಳನ್ನು ನಂಬಬೇಡಿ. ಕಾಂತಕ್ಷೇತ್ರದ ಮೀಟರ್ ನಿಮ್ಮ ಜೇಬಿನ ಫೋನಿಗೇ ಹಾರುತ್ತದೆ, ಫೋನಿನ ಮೈಕಿಗೆ 19 ಹರ್ಟ್ಸ್ ಸರಿಯಾಗಿ ಹಿಡಿಯುವ ಶಕ್ತಿಯಿಲ್ಲ.

ಪ್ರ: ತಲಕಾಡಿನಲ್ಲಿ ಸಂಜೆ ತೆಗೆದ ಫೋಟೋದಲ್ಲಿ ಬಿಳಿ ಗೋಲಗಳು ತೇಲುತ್ತಿವೆ. ಅಲಮೇಲಮ್ಮನೇ ಎನ್ನುತ್ತಾರೆ ಮನೆಯವರು. (ಮಂಡ್ಯದಿಂದ)

ಉ: ಧೂಳು. ಫ್ಲ್ಯಾಶು ಲೆನ್ಸಿನ ಪಕ್ಕದಲ್ಲೇ ಇರುವುದರಿಂದ, ಕೆಲವೇ ಸೆಂಟಿಮೀಟರ್ ಮುಂದಿನ ಕಣಕ್ಕೆ ಬಡಿದ ಬೆಳಕು ನೇರ ಒಳಗೆ ಮರಳುತ್ತದೆ. ಅಷ್ಟು ಹತ್ತಿರದ್ದು ಫೋಕಸಿಗೆ ಬರದೆ ದುಂಡಗೆ ಹರಡುತ್ತದೆ. ತಲಕಾಡಿನಂಥ ನಯ ಮರಳಿನ ಊರಲ್ಲಿ, ನಾಲ್ಕು ಜನ ನಡೆದುಹೋದ ಮೇಲೆ ಗೋಲ ಬರದಿದ್ದರೇ ಆಶ್ಚರ್ಯ. ಪರೀಕ್ಷೆ ಸುಲಭ: ಫೋನನ್ನು ಒಂದೆಡೆ ಊರಿ, ಅದೇ ಚೌಕಟ್ಟಿನಲ್ಲಿ ಫ್ಲ್ಯಾಶ್ ಹಾಕಿ ಮೂರು, ತೆಗೆದು ಮೂರು ಫೋಟೋ ತೆಗೆಯಿರಿ. ಮೊದಲ ಮೂರರಲ್ಲಿ ಗೋಲ ಜಾಗ ಬದಲಿಸುತ್ತವೆ, ಉಳಿದ ಮೂರರಲ್ಲಿ ಇರುವುದಿಲ್ಲ. ಆರರಲ್ಲೂ ಅದೇ ಜಾಗದಲ್ಲಿದ್ದರೆ ಲೆನ್ಸ್ ಒರೆಸಿ.

ಪ್ರ: ‘ನಾಳೆ ಬಾ’ ಎಂದು ಬಾಗಿಲ ಮೇಲೆ ಬರೆಸುತ್ತಿದ್ದರಲ್ಲ, ಆ ಹೆಂಗಸು ಯಾವ ಕಾಲದವಳು? (ಬೆಂಗಳೂರಿನಿಂದ)

ಉ: ಯಾವ ಕಾಲದವಳೂ ಅಲ್ಲ. 1990ರ ದಶಕದ ಸುದ್ದಿ ಅದು. ಹಿಂದೆ ಯಾವ ಚಾರಿತ್ರಿಕ ಹೆಂಗಸೂ ಇಲ್ಲ. ಅದಕ್ಕೇ ಆಕೆಗೆ ಊರೂ ಇಲ್ಲ, ಮನೆಮನೆಗೆ ಅಲೆಯಬೇಕಾಯಿತು.

ಪ್ರ: ರಾಜಸ್ಥಾನದ ಭಾನ್‌ಗಢದಲ್ಲಿ ಕತ್ತಲಾದ ಮೇಲೆ ಹೋಗಬಾರದು ಎಂದು ಸರ್ಕಾರವೇ ಬೋರ್ಡು ಹಾಕಿದೆ. ಅಂದರೆ ಸರ್ಕಾರವೂ ರಾಜಕುಮಾರಿ ರತ್ನಾವತಿಯ ದೆವ್ವವನ್ನು ಒಪ್ಪಿದಂತಲ್ಲವೇ? (ಕಲಬುರಗಿಯಿಂದ)

ಉ: ಬೋರ್ಡು ಇರುವುದು ನಿಜ, ಸೂರ್ಯೋದಯಕ್ಕೆ ಮೊದಲು, ಸೂರ್ಯಾಸ್ತದ ನಂತರ ಪ್ರವೇಶವಿಲ್ಲ ಎಂದಿದೆ. ದೆವ್ವ ಎಂಬ ಮಾತೇ ಅದರಲ್ಲಿಲ್ಲ. ಪುರಾತತ್ವ ಇಲಾಖೆಯ 1959ರ ನಿಯಮಗಳ ಪ್ರಕಾರ ಸಂರಕ್ಷಿತ ಸ್ಮಾರಕಗಳು ಸಾಮಾನ್ಯವಾಗಿ ತೆರೆದಿರುವುದೇ ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ. ಭಾನ್‌ಗಢ ಸರಿಸ್ಕಾ ಕಾಡಿನ ಅಂಚಿನಲ್ಲಿದೆ, ದೀಪವಿಲ್ಲ, ಬಿದ್ದ ಗೋಡೆ, ತೆರೆದ ಬಾವಿ ಇವೆ. ಊರು ಕಟ್ಟಿದ್ದು 16ನೇ ಶತಮಾನದಲ್ಲಿ ಆಮೇರ್ (ಅಂಬರ್) ಅರಸ ಭಗವಂತದಾಸನ ಕಾಲದಲ್ಲಿ, ಮಗ ಮಾಧೋಸಿಂಗನಿಗಾಗಿ; 1783ರ ಬರಗಾಲದ ಹೊತ್ತಿಗೆ ಜನ ಪೂರ್ತಿ ಖಾಲಿಯಾದರು ಎನ್ನುತ್ತಾರೆ. ರತ್ನಾವತಿಯನ್ನು ಒಲಿಸಿಕೊಳ್ಳಲು ಮಂತ್ರವಾದಿ ಅತ್ತರಿಗೆ ಮಾಟ ಮಾಡಿದ, ರತ್ನಾವತಿ ಅದನ್ನು ಬಂಡೆಗೆ ಸುರಿದಳು, ಬಂಡೆ ಉರುಳಿ ಅವನನ್ನೇ ಅರೆಯಿತು, ಸಾಯುವಾಗ ಊರಿಗೆ ಶಾಪವಿತ್ತ ಎಂಬ ಕಥೆಯಲ್ಲಿ ಗಮನಿಸಬೇಕಾದ್ದು ಬೇರೆ: ಶಾಪ ಕೊಟ್ಟದ್ದು ಗಂಡಸು, ದೆವ್ವದ ಪಟ್ಟ ಕಟ್ಟಿದ್ದು ಹೆಂಗಸಿಗೆ.

ಪ್ರ: ನಮ್ಮ ಹೊಲದ ಬದುವಿನಲ್ಲಿ ಒಂದು ಮಾಸ್ತಿಕಲ್ಲು (ಸತಿ ಹೋದವಳ ನೆನಪಿನ ಕಲ್ಲು) ಇದೆ. ಅಮಾವಾಸ್ಯೆಗೆ ಅಲ್ಲಿ ಹೆಂಗಸೊಬ್ಬಳು ನಡೆದಾಡುತ್ತಾಳೆ ಎಂದು ಆಳುಗಳು ಸಂಜೆ ಆ ಕಡೆ ಹೋಗುವುದಿಲ್ಲ. ಆಕೆ ಯಾರೆಂದು ತಿಳಿಯುವುದು ಹೇಗೆ? (ಎಚ್.ಡಿ. ಕೋಟೆ ತಾಲ್ಲೂಕಿನಿಂದ)

ಉ: ಈ ತಿಂಗಳ ಪ್ರಶ್ನೆಗಳಲ್ಲಿ ನಮಗೆ ಅತಿ ಇಷ್ಟವಾದದ್ದು ಇದು, ಏಕೆಂದರೆ ಇಲ್ಲಿ ಸಾಕ್ಷಿ ಹೊಲದಲ್ಲೇ ನಿಂತಿದೆ. ನಿಮ್ಮದೇ ತಾಲ್ಲೂಕಿನ ಬೆಳತೂರಿನಲ್ಲಿ 1057ರ ದೊಡ್ಡ ಶಾಸನವಿದೆ. ಚೋಳ ಅರಸನ ದಾಯಾದಿಯೊಬ್ಬ ಮಲ್ಲಯುದ್ಧದಲ್ಲಿ ಏಚ ಎಂಬ ನಾಡಗೌಡನ ಕೈಯಲ್ಲಿ ಸತ್ತ. ಅರಸ ಏಚನನ್ನು ಕೊಲ್ಲಿಸಿದ. ಅವನ ಹೆಂಡತಿ ದೇಕಬ್ಬೆ, ತಂದೆತಾಯಿ ತಡೆದರೂ ಕೇಳದೆ ಬೆಂಕಿಗೆ ಬಿದ್ದಳು. ಹೆಸರು, ಊರು, ಕಾರಣ ಎಲ್ಲ ಕಲ್ಲಿನಲ್ಲಿದೆ. ನಿಮ್ಮ ಕಲ್ಲು ಅಷ್ಟು ಮಾತಾಡಲಿಕ್ಕಿಲ್ಲ, ಆದರೆ ಪೂರ್ತಿ ಮೂಕವೂ ಆಗಿರುವುದಿಲ್ಲ.

ಮೊದಲು ಅದು ಮಾಸ್ತಿಕಲ್ಲೇ ಎಂದು ಖಚಿತ ಮಾಡಿಕೊಳ್ಳಿ. ಕಂಬದಿಂದ ಹೊರಚಾಚಿ ಮೊಣಕೈಯಲ್ಲಿ ಮಡಿದು ಮೇಲೆತ್ತಿದ ಬಲಗೈ, ಕೈತುಂಬ ಬಳೆ, ಹಲವು ಕಡೆ ಬೆರಳ ಸಂದಿನಲ್ಲಿ ನಿಂಬೆಹಣ್ಣು, ತುದಿಯಲ್ಲಿ ಸೂರ್ಯಚಂದ್ರ ಇದ್ದರೆ ಹೌದು. ಬಳೆ ಒಡೆದಿಲ್ಲ ಎಂದರೆ ಆಕೆ ಮುತ್ತೈದೆಯಾಗಿಯೇ ಹೋದಳು ಎಂದು ಸಾರುವುದು. ಎರಡು ಕೈಗಳಿದ್ದರೆ ಇಬ್ಬರು ಹೆಂಡತಿಯರು. ಕೆಳಗೆ ಕಾದಾಟ, ನಡುವೆ ಅಪ್ಸರೆಯರು ಒಯ್ಯುವ ಚಿತ್ರ, ಮೇಲೆ ಲಿಂಗ ಇದ್ದು ಕೈ ಇಲ್ಲದಿದ್ದರೆ ಅದು ಕಾದಾಡಿ ಸತ್ತವನ ನೆನಪಿನ ಬರಿಯ ವೀರಗಲ್ಲು. ನಿಮ್ಮ ಆಳುಗಳು ಹೆದರುತ್ತಿರುವ ‘ಹೆಂಗಸು’ ಗಂಡಸಾಗಿರಬಹುದು.

ಅಕ್ಷರ ಇದೆಯೇ ನೋಡಲು ಮಧ್ಯಾಹ್ನ ಹೋಗಬೇಡಿ. ನೆತ್ತಿಯ ಬಿಸಿಲಿನಲ್ಲಿ ಸವೆದ ಅಕ್ಷರ ಕಣ್ಣಿಗೆ ಬೀಳುವುದಿಲ್ಲ. ಕಲ್ಲಿನ ಮುಖಕ್ಕೆ ಬಿಸಿಲು ಓರೆಯಾಗಿ ಬೀಳುವ ಹೊತ್ತು ನೋಡಿಕೊಳ್ಳಿ. ಇಲ್ಲವೇ ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ತಂದು, ಬೆಳಕು ಮೇಲ್ಮೈಯನ್ನು ಸವರಿಕೊಂಡು ಹೋಗುವಂತೆ ಹಿಡಿಯಿರಿ. ಎಡದಿಂದ, ಬಲದಿಂದ, ಮೇಲಿನಿಂದ ಒಂದೊಂದು ಫೋಟೋ, ಪ್ರತಿಯೊಂದರಲ್ಲೂ ಒಂದು ಅಡಿಪಟ್ಟಿ. ತೊಳೆಯಬೇಕಾದರೆ ಬರಿ ನೀರು, ಮೆತ್ತನೆ ನಾರಿನ ಬ್ರಷ್ ಸಾಕು. ತಂತಿಯ ಬ್ರಷ್, ಆಸಿಡ್, ಸೋಪಿನಪುಡಿ ಬೇಡ. ಅಕ್ಷರದೊಳಗೆ ಸೀಮೆಸುಣ್ಣ ತುಂಬುವ ಚಾಳಿ ಬಹಳ ಜನಕ್ಕಿದೆ. ತುಂಬುವವರು ತಮಗೆ ಕಂಡ ಅಕ್ಷರವನ್ನೇ ತುಂಬುತ್ತಾರೆ, ಮುಂದಿನವರು ಅದನ್ನೇ ಓದುತ್ತಾರೆ. ಎಣ್ಣೆ ಹಚ್ಚಿದರೆ ಆ ಗಳಿಗೆಗೆ ಚೆನ್ನಾಗಿ ಕಾಣುತ್ತದೆ, ಆಮೇಲೆ ಧೂಳು ಕೂತು ಗಟ್ಟಿಯಾಗುತ್ತದೆ. ಹೆಚ್ಚಿನ ಕಡೆ ಕೊನೆಯ ಸಾಲು ನೆಲದೊಳಗೆ ಹೂತಿರುತ್ತದೆ. ಆಸೆಗೆ ಬಿದ್ದು ಅಗೆಯಬೇಡಿ, ಕಲ್ಲು ವಾಲಿದರೆ ಮತ್ತೆ ನಿಲ್ಲಿಸಲು ಕ್ರೇನೇ ಬೇಕು.

ಆಮೇಲೆ ಶಾಸನಗಳ ಪಾಠ ಅಚ್ಚಾಗಿರುವ ಎಪಿಗ್ರಾಫಿಯಾ ಕರ್ನಾಟಿಕದ ನಿಮ್ಮ ಜಿಲ್ಲೆಯ ಸಂಪುಟ ತೆಗೆದು, ತಾಲ್ಲೂಕಿನ ಕೆಳಗೆ ನಿಮ್ಮ ಊರಿನ ಹೆಸರು ಹುಡುಕಿ. ಊರಿನ ಹಳೇ ಹೆಸರು ಬೇರೆಯಿದ್ದರೆ ಅದನ್ನೂ ನೋಡಿ. ಕಾಲ ಶಕವರ್ಷದಲ್ಲಿ ಬರೆದಿದ್ದರೆ 78 ಕೂಡಿಸಿ. ಪುಷ್ಯದಿಂದಾಚೆಯ ತಿಂಗಳಾದರೆ 79 ಬೇಕಾಗಬಹುದು. ಸಂವತ್ಸರದ ಹೆಸರೂ ಇದ್ದರೆ ತಾಳೆ ನೋಡುವುದು ಸುಲಭ, ಆ ಹೆಸರು 60 ವರ್ಷಕ್ಕೊಮ್ಮೆ ಮರಳುತ್ತದೆ. ಉದಾಹರಣೆಗೆ ಶಕ 979 ಎಂದರೆ 1057, ಅದು ಹೇವಿಳಂಬಿ. ಈಚೆಗೆ ಹೇವಿಳಂಬಿ ಬಂದದ್ದು 2017ರಲ್ಲಿ. ನಡುವೆ 960 ವರ್ಷ, 60ರಿಂದ ಭಾಗಿಸಿದರೆ ಸರಿಯಾಗಿ 16 ಸುತ್ತು. ಹೀಗೆ ಭಾಗ ಹೋಗದಿದ್ದರೆ ಅಂಕಿ ಓದುವಾಗ ಎಲ್ಲೋ ಎಡವಿದ್ದೀರಿ ಎಂದು ತಿಳಿದು ಮತ್ತೊಮ್ಮೆ ಟಾರ್ಚು ಹಿಡಿಯಿರಿ.

ಕೊನೆಗೆ ಊರಿನ ಹಿರಿಯರನ್ನು ಕೇಳಿ, ಆದರೆ ‘ಇಲ್ಲಿ ದೆವ್ವ ಇದೆಯಂತೆ ಹೌದೇ?’ ಎಂದು ಕೇಳಬೇಡಿ. ಹೌದು ಎಂದೇ ಹೇಳುತ್ತಾರೆ. ‘ಈ ಕಲ್ಲಿಗೆ ಯಾರ ಮನೆಯವರು ಎಡೆ ಇಡುತ್ತಾರೆ, ಯಾವ ಹಬ್ಬಕ್ಕೆ?’ ಎಂದು ಶುರುಮಾಡಿ. ಎಡೆ ಇಡುವ ಮನೆತನವೇ ಆಕೆಯ ಮನೆತನವಿರುವ ಸಂಭವ ಹೆಚ್ಚು. ಮೂವರನ್ನು ಬೇರೆಬೇರೆಯಾಗಿ, ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳದಂತೆ ಕೇಳಿ, ಅವರ ಮಾತಿನಲ್ಲೇ ಬರೆದುಕೊಂಡು, ಯಾರಿಂದ ಕೇಳಿದ್ದು ಎಂಬುದನ್ನೂ ಸೇರಿಸಿ. ಫೋಟೋ, ಅಳತೆ, ಸರ್ವೆ ನಂಬರಿನ ಜೊತೆ ರಾಜ್ಯ ಪುರಾತತ್ವ ಇಲಾಖೆಯ ಮೈಸೂರು ಕಚೇರಿಗೆ ಒಂದು ಪತ್ರ ಕಳಿಸಿ. ಉಳುವಾಗ ಟ್ರ್ಯಾಕ್ಟರಿನ ನೇಗಿಲು ತಾಗದಂತೆ ಕಲ್ಲಿನ ಸುತ್ತ ನಾಲ್ಕಡಿ ಬಿಡಲು ಆಳುಗಳಿಗೆ ಹೇಳಿ. ಹೇಗೂ ಆ ಕಡೆ ಹೋಗಲು ಹೆದರುತ್ತಾರಾದ್ದರಿಂದ ಈ ಮಾತನ್ನು ಖಂಡಿತ ಕೇಳುತ್ತಾರೆ.